ಮಳೆಗೆ ನಿಂತುಹೋದ ಗಾನೋತ್ಸವ

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಒಂದು ಮನವಿಪತ್ರ ಹಿಡಿದು ಗುರುನಿವಾಸಕ್ಕೆ ಬಂದಿದ್ದರು. ದೇವಾಲಯದ ಎದುರಿನ ಶಾಲಾ ಮೈದಾನದಲ್ಲಿ ಎರಡು ದಿನಗಳ ಭಕ್ತಿಗಾನೋತ್ಸವವನ್ನು ಪುನಃ ನಡೆಸಲು ಅನುಮತಿ ನೀಡಬೇಕೆಂಬುದು ಅವರ ಕೋರಿಕೆ. ಪತ್ರದಲ್ಲಿದ್ದ ‘ಪುನಃ’ ಎಂಬ ಪದದ ಬಳಿ ನಮ್ಮ ಕಣ್ಣು ನಿಂತಿತು. 2022ರ ಅಕ್ಟೋಬರ್ ತಿಂಗಳ ಆ ಶನಿವಾರ, ಭಾನುವಾರಗಳನ್ನು ನಾವು ಮರೆತಿಲ್ಲ, ಅವರೂ ಮರೆತಿರಲಿಲ್ಲ. ಆದರೆ ಅವರು ನೆನಪಿಟ್ಟುಕೊಂಡದ್ದು ಒಂದು, ನಾವು ನೆನಪಿಟ್ಟುಕೊಂಡದ್ದು ಇನ್ನೊಂದು.

ಆ ದಿನಗಳ ಆಯ್ಕೆಯಲ್ಲಿ ಔಚಿತ್ಯವಿತ್ತು. ಅಕ್ಟೋಬರ್ 22 ಸಂತ ಎರಡನೆಯ ಜಾನ್ ಪಾಲರ ಸ್ಮರಣೆಯ ದಿನ. ದೇಶದೇಶಗಳ ಯುವಜನರನ್ನು ಒಂದೆಡೆ ಕರೆದು ಬಯಲಿನಲ್ಲಿ ಪ್ರಾರ್ಥನೆಗೂ ಹಾಡಿಗೂ ಒಟ್ಟುಗೂಡಿಸುವ ವಿಶ್ವ ಯುವಜನ ದಿನವನ್ನು ಧರ್ಮಸಭೆಗೆ ಕೊಟ್ಟವರು ಅವರೇ. ಮರುದಿನ ಮಿಷನ್ ಭಾನುವಾರ. ಪೂಜಾವಿಧಿಯ ಪಂಚಾಂಗವನ್ನು ಇಷ್ಟು ಎಚ್ಚರದಿಂದ ನೋಡಿದ ನಾವು, ಗೋಡೆಯ ಮೇಲೆ ತೂಗುತ್ತಿದ್ದ ಇನ್ನೊಂದು ಪಂಚಾಂಗವನ್ನು ನೋಡಲಿಲ್ಲ. ಚಿತ್ತಾ ಮಳೆ ಮುಗಿದು ಸ್ವಾತಿ ಮಳೆ ಹುಟ್ಟುವ ಸಂಧಿ ಅದು. ಆಟಿಯ ಮಳೆ ದಿನವಿಡೀ ಸುರಿದರೂ ಅದರ ಸ್ವಭಾವ ಎಲ್ಲರಿಗೂ ಪರಿಚಿತ. ಕೊಡೆ ಹಿಡಿದು ಹೊರಟರಾಯಿತು. ಹಿಂಗಾರಿನ ಮಳೆ ಹಾಗಲ್ಲ. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಮೂರಕ್ಕೆ ಘಟ್ಟದ ನೆತ್ತಿಯಲ್ಲಿ ಕಪ್ಪು, ಸಂಜೆಗೆ ಗಾಳಿ, ಗುಡುಗು, ಸಿಡಿಲು. ಅಂಗಳದಲ್ಲಿ ಭತ್ತ ಒಣಗಹಾಕುವ ಪ್ರತಿಯೊಬ್ಬ ಗೃಹಿಣಿಗೂ ಗೊತ್ತಿರುವ ಈ ಸಂಗತಿ, ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನಮಗೆ ಹೊಳೆಯಲಿಲ್ಲ.

ಸುತ್ತಲಿನ ಧರ್ಮಕೇಂದ್ರಗಳಿಂದ ಹನ್ನೊಂದು ಗಾನವೃಂದಗಳು ಬಂದಿದ್ದವು. ಕೊಂಕಣಿ, ಕನ್ನಡ, ತುಳು ಮೂರೂ ಭಾಷೆಗಳ ಹಾಡುಗಳಿದ್ದವು. ಸ್ತ್ರೀ ಸಂಘಟನೆಯವರು ಚಾ, ಗೋಳಿಬಜೆಯ ಮಳಿಗೆ ಹಾಕಿದ್ದರು. ಕಬ್ಬಿಣದ ಕೊಳವೆಗಳ ಚೌಕಟ್ಟು, ಅದರ ಮೇಲೆ ಟಾರ್ಪಾಲು, ಎರಡು ಬದಿಗಳಲ್ಲಿ ಆಳೆತ್ತರದ ಸ್ಪೀಕರುಗಳು: ವೇದಿಕೆ ಅಂದವಾಗಿಯೇ ಇತ್ತು. ಧ್ವನಿವರ್ಧಕದ ವ್ಯವಸ್ಥೆ ಮಾಡಿದವರು ನಮ್ಮ ಊರಿನವರೇ; ನಮ್ಮ ಧರ್ಮದವರಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ನಮ್ಮ ದೇವಾಲಯದ ವಾರ್ಷಿಕ ಹಬ್ಬಕ್ಕೆ ಮೈಕ್ ಕಟ್ಟುತ್ತ ಬಂದವರು, ಬಲಿಪೂಜೆಯಲ್ಲಿ ಯಾವ ಹಾಡಿನ ಬಳಿಕ ಯಾವ ಹಾಡು ಬರುತ್ತದೆಂಬುದು ನಮ್ಮ ಕೆಲವು ವಿಶ್ವಾಸಿಗಳಿಗಿಂತ ಚೆನ್ನಾಗಿ ಬಲ್ಲವರು.

ಶನಿವಾರ ಸಂಜೆ ಐದೂಕಾಲರ ಸುಮಾರಿಗೆ ಮೊದಲ ಗುಡುಗು ಕೇಳಿಸಿತು. ಅವರು ನಮ್ಮ ಕುರ್ಚಿಯ ಬಳಿ ಬಂದು ಬಗ್ಗಿ, “ಫಾದರೇ, ಮೆಷಿನ್ ಎಲ್ಲ ಮುಚ್ತೇನೆ. ಗಾಳಿ ಬರ್ತದೆ” ಎಂದರು. ಯುವಜನರ ಅಧ್ಯಕ್ಷ ಓಡಿಬಂದ. “ಇನ್ನು ಎರಡೇ ತಂಡ ಫಾದರ್. ದೂರದಿಂದ ಬಂದಿದ್ದಾರೆ. ಮಳೆ ಘಟ್ಟದಲ್ಲೇ ಸುರಿದು ಹೋಗ್ತದೆ.” ನಾವು ಇಬ್ಬರ ಮುಖವನ್ನೂ ನೋಡಿದೆವು. ಮುಂದಿನ ಸಾಲಿನಲ್ಲಿ ಅತಿಥಿಗಳಿದ್ದರು, ದೇಣಿಗೆ ಕೊಟ್ಟವರಿದ್ದರು. “ಇದೊಂದು ಹಾಡು ಮುಗಿಯಲಿ” ಎಂದೆವು.

ಆ ಒಂದು ಹಾಡು ಮೂರು ಹಾಡಾಯಿತು. ಇಪ್ಪತ್ತು ನಿಮಿಷಗಳಷ್ಟು ಕಾಲ ನಾವು ಆಕಾಶವನ್ನು ನೋಡುತ್ತ, ನಡುನಡುವೆ ಮನಸ್ಸಿನಲ್ಲೇ ಪ್ರಾರ್ಥಿಸುತ್ತ ಕುಳಿತಿದ್ದೆವು. ದೇವರ ಕಾರ್ಯ ನಡೆಯುತ್ತಿರುವಾಗ ದೇವರು ಮಳೆಯನ್ನು ತುಸು ತಡೆಯಲಾರನೇ ಎಂಬ ಒಂದು ಆಲೋಚನೆ ಒಳಗೆ ಇತ್ತೆಂಬುದನ್ನು ವಾಚಕರ ಮುಂದೆ ಮುಚ್ಚಿಡುವುದಿಲ್ಲ. ಆಮೇಲೆ ಗಾಳಿ ಬಂದಿತು. ಟಾರ್ಪಾಲು ಹಾಯಿಯಂತೆ ಉಬ್ಬಿ ಮೇಲೆದ್ದಿತು. ಎಡಬದಿಯ ಕಂಬ ವಾಲಿ ಬಿದ್ದಿತು. ಆಗಷ್ಟೇ ಹಾಡಿ ಮೆಟ್ಟಿಲಿಳಿಯುತ್ತಿದ್ದ ಮಕ್ಕಳ ಗಾನವೃಂದದ ಹತ್ತು ವರ್ಷದ ಹುಡುಗನೊಬ್ಬನ ಹಣೆಗೆ ಅದರ ತುದಿ ತಗುಲಿತು. ಐದು ಹೊಲಿಗೆಗಳಾದವು. ಒಂದಂಗುಲ ಕೆಳಗೆ ತಗುಲಿದ್ದರೆ ಕಣ್ಣು ಹೋಗುತ್ತಿತ್ತೆಂದು ವೈದ್ಯರು ಅನಂತರ ಹೇಳಿದರು. ಜನರೆಲ್ಲ ದೇವಾಲಯದತ್ತ ಓಡುತ್ತಿರುವಾಗ ಒಬ್ಬರು ಮಾತ್ರ ಎದುರು ದಿಕ್ಕಿಗೆ ಓಡಿ ಜನರೇಟರನ್ನು ಆರಿಸಿದರು. ನೀರು ನಿಂತ ನೆಲದ ಮೇಲೆ ತಂತಿಗಳು ಹರಿದಾಡುತ್ತಿದ್ದ ಆ ಹೊತ್ತಿನಲ್ಲಿ ಅದು ಸಣ್ಣ ಕೆಲಸವಲ್ಲ. ಅದನ್ನು ಮಾಡಿದವರು ಮೈಕಿನವರು. ಅಷ್ಟರಲ್ಲಿ ಅವರ ಮಿಕ್ಸರೂ ಎರಡು ಆಂಪ್ಲಿಫೈಯರುಗಳೂ ನೆನೆದು ಹೋಗಿದ್ದವು.

ದೇವಾಲಯದ ಒಳಗೆ ಕತ್ತಲೆ. ಮೇಣದಬತ್ತಿಗಳನ್ನು ಹಚ್ಚಿದರು. ಮಕ್ಕಳು ಅಳುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಅಜ್ಜಿ ಮಾತೆ ಮರಿಯಮ್ಮನವರ ಹಳೆಯ ಕೀರ್ತನೆಯೊಂದನ್ನು ಎತ್ತಿದರು. ಒಬ್ಬೊಬ್ಬರಾಗಿ ಸೇರಿಕೊಂಡರು. ವಾದ್ಯವಿಲ್ಲ, ಮೈಕ್ ಇಲ್ಲ, ಹೆಂಚಿನ ಮೇಲೆ ಮಳೆಯ ಸದ್ದು. ಸುಮಾರು ಒಂದು ಗಂಟೆ ಹಾಡಿದರು. ನಮ್ಮ ಯುವಜನರು ನೆನಪಿಟ್ಟುಕೊಂಡದ್ದು ಈ ಒಂದು ಗಂಟೆಯನ್ನು. ಅದು ಸುಂದರವಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಹೊತ್ತು ನಮ್ಮ ಬಾಯಿಂದ ಸ್ವರ ಹೊರಡಲಿಲ್ಲ. ಆಸ್ಪತ್ರೆಯಿಂದ ಬರಬೇಕಾದ ದೂರವಾಣಿ ಕರೆಗಾಗಿ ಬಾಗಿಲ ಬಳಿ ನಿಂತಿದ್ದೆವು.

ಭಾನುವಾರದ ಕಾರ್ಯಕ್ರಮವನ್ನು ಶಾಲೆಯ ಸಭಾಂಗಣಕ್ಕೆ ವರ್ಗಾಯಿಸಿದೆವು. ಅರ್ಧಕ್ಕರ್ಧ ಗಾನವೃಂದಗಳು ಊರಿಗೆ ಮರಳಿದ್ದವು. ಕೀಬೋರ್ಡು, ಡ್ರಮ್ಮುಗಳೆಲ್ಲ ಮೂಲೆ ಸೇರಿ, ಬಂದವರು ಬರಿಯ ಕೊರಳಿನಿಂದ ಹಾಡಿದರು. ಸಂತ ಅಗಸ್ಟೀನರು ತಮ್ಮ ‘ಆತ್ಮನಿವೇದನೆ’ಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಕದಲಿಸಿದಾಗ ತಾವು ತಪ್ಪು ಮಾಡಿದಂತೆ ಭಾವಿಸುವುದಾಗಿಯೂ, ಅಂಥ ವೇಳೆ ಹಾಡನ್ನೇ ಕೇಳದಿರುವುದು ಲೇಸೆನಿಸುವುದೆಂದೂ ತೋಡಿಕೊಂಡಿದ್ದಾರೆ. ಆದರೂ ಮಿಲಾನಿನ ದೇವಾಲಯದಲ್ಲಿ ಕೇಳಿದ ಹಾಡುಗಳು ತಮ್ಮ ಕಣ್ಣೀರನ್ನು ಹರಿಸಿದ್ದನ್ನು ಅವರು ಮರೆಯಲಾರರು; ಹೀಗಾಗಿ ಹಾಡನ್ನು ನಿಷೇಧಿಸಲೂ ಅವರಿಗೆ ಮನಸ್ಸಿಲ್ಲ. ನಮ್ಮ ದೇವಾಲಯಗಳಲ್ಲಿ ಸ್ಪೀಕರುಗಳ ಗಾತ್ರ ವರ್ಷ ವರ್ಷ ಬೆಳೆಯುತ್ತಿರುವುದನ್ನು ನೋಡುವಾಗ ಈ ಪುಟ ನೆನಪಾಗುತ್ತದೆ. ಆ ಭಾನುವಾರ, ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ಒಂದು ತುಳು ಭಕ್ತಿಗೀತೆಯ ಎರಡನೆಯ ಚರಣದ ಮಾತುಗಳು ನಮಗೆ ಮೊದಲ ಬಾರಿ ಸ್ಪಷ್ಟವಾಗಿ ಕೇಳಿಸಿದವು.

ಅದು ಅತ್ತ ಇರಲಿ. ಮುಂದಿನ ವಾರ ಯುವಜನರು ಸಿದ್ಧಪಡಿಸಿದ ವರದಿಯಲ್ಲಿ ‘ಮಳೆಯನ್ನು ಗೆದ್ದ ವಿಶ್ವಾಸ’ ಎಂಬ ತಲೆಬರಹವಿತ್ತು. ಹುಡುಗನ ಹಣೆಯ ಹೊಲಿಗೆಗಳ ಪ್ರಸ್ತಾಪವಿರಲಿಲ್ಲ, ನೆನೆದ ಯಂತ್ರಗಳ ಪ್ರಸ್ತಾಪವೂ ಇರಲಿಲ್ಲ. ನಾವು ಆ ತಲೆಬರಹವನ್ನು ಹೊಡೆದುಹಾಕಿದೆವು. ಅದಕ್ಕೆ ಅಧ್ಯಕ್ಷನ ಪ್ರತಿವಾದ ಹೀಗಿತ್ತು: “ಮ್ಯಾಡ್ರಿಡ್‌ನಲ್ಲಿ ಪೋಪ್ ಎದ್ದು ಹೋಗಲಿಲ್ಲವಲ್ಲ ಫಾದರ್?”

ಪ್ರಶ್ನೆ ನ್ಯಾಯವಾದದ್ದೇ. 2011ರ ಆಗಸ್ಟ್ 20ರ ಶನಿವಾರ ಸಂಜೆ, ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ಹೊರವಲಯದ ವಿಮಾನ ಮೈದಾನವೊಂದರಲ್ಲಿ ವಿಶ್ವ ಯುವಜನ ದಿನದ ಜಾಗರಣೆಗಾಗಿ ಹತ್ತು ಲಕ್ಷಕ್ಕೂ ಹೆಚ್ಚು ಯುವಜನರು ಸೇರಿದ್ದರು. ಆ ಸ್ಥಳದ ಹೆಸರು ಕ್ವಾತ್ರೊ ವಿಯೆಂತೊಸ್. ನಾಲ್ಕು ಗಾಳಿಗಳು ಎಂದು ಅರ್ಥ. ಹಗಲೆಲ್ಲ ಉರಿಬಿಸಿಲಿದ್ದುದರಿಂದ ಅಗ್ನಿಶಾಮಕ ದಳದವರು ಜನರ ಮೇಲೆ ನೀರು ಎರಚಿ ತಂಪುಮಾಡಬೇಕಾಗಿತ್ತು. ರಾತ್ರಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಮಾತನಾಡತೊಡಗಿದಾಗ ಬಿರುಗಾಳಿ ಎದ್ದಿತು. ಅವರ ತಲೆಯ ಬಿಳಿಯ ಟೋಪಿ ಹಾರಿಹೋಯಿತು. ಕೊಡೆಗಳನ್ನು ಹಿಡಿದರು. ಮಾತು ನಿಂತುಹೋಯಿತು. 84 ವರ್ಷದ ಆ ವೃದ್ಧರು ಎದ್ದು ಹೋಗಲಿಲ್ಲ. ಮಳೆ ತಗ್ಗಿದ ಮೇಲೆ, ಸಿದ್ಧಪಡಿಸಿ ತಂದಿದ್ದ ಪ್ರಬೋಧನೆಯ ಬಹುಭಾಗವನ್ನು ಬಿಟ್ಟು, ಯುವಜನರ ತಾಳ್ಮೆಗೆ ವಂದನೆ ಸಲ್ಲಿಸಿ, ಪರಮಪ್ರಸಾದದ ಮುಂದೆ ಮೊಣಕಾಲೂರಿದರು. ತೊಲೇದೊ ನಗರದ ಪ್ರಧಾನಾಲಯದಿಂದ ತರಿಸಿದ್ದ, 16ನೆಯ ಶತಮಾನದಲ್ಲಿ ಎನ್ರಿಕೆ ದೆ ಆರ್ಫೆ ಎಂಬ ಶಿಲ್ಪಿ ರಚಿಸಿದ ಆ ಎತ್ತರದ ಆರಾಧನಾಪಾತ್ರೆಯ ಎದುರು, ಒದ್ದೆ ನೆಲದ ಮೇಲೆ, ಅಷ್ಟು ಜನಸ್ತೋಮ ಮೌನವಾಯಿತು. ಆ ರಾತ್ರಿಯ ಅತ್ಯುತ್ತಮ ಸಂಗೀತ ಆ ಮೌನವೆಂದು ಅನೇಕರು ಬರೆದರು. ನಾವೂ ಒಪ್ಪುತ್ತೇವೆ.

ಆದರೆ ಅಲ್ಲಿಯೂ ಡೇರೆಗಳು ಕುಸಿದು ಕೆಲವರಿಗೆ ಗಾಯಗಳಾಗಿದ್ದವು. ಮರುದಿನದ ಬಲಿಪೂಜೆಗಾಗಿ ಪರಮಪ್ರಸಾದವನ್ನು ಇರಿಸಿದ್ದ ಡೇರೆಗಳೂ ಹಾನಿಗೊಂಡವು. ಪರಿಣಾಮವಾಗಿ, ರಾತ್ರಿಯಿಡೀ ಆ ಒದ್ದೆ ನೆಲದಲ್ಲಿ ಮಲಗಿದ್ದವರಲ್ಲಿ ಬಹುತೇಕರಿಗೆ ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದ ದೊರೆಯಲಿಲ್ಲ. ಖಂಡಾಂತರಗಳನ್ನು ದಾಟಿ ಬಂದವರು ಅವರು. ಹಾಡು ನಿಂತುಹೋದದ್ದು ಒಂದು ನಷ್ಟ; ಇದು ಎಷ್ಟು ದೊಡ್ಡ ನಷ್ಟವೆಂಬುದನ್ನು ಕಥೋಲಿಕ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. ಈ ಸಂಗತಿ ಅಧ್ಯಕ್ಷನಿಗೆ ತಿಳಿದಿರಲಿಲ್ಲ. ಬಿರುಗಾಳಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಶನಿವಾರದ ರಾತ್ರಿಗೇ ನಿಲ್ಲಿಸುತ್ತಾರೆ.

ಅವನಿಗೆ ತಿಳಿಯದ ಇನ್ನೂ ಎರಡು ಸಂಗತಿಗಳನ್ನು ಹೇಳಿದೆವು. ಅದೇ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನ ರಾಜ್ಯ ಜಾತ್ರೆಯಲ್ಲಿ ಮುಖ್ಯ ಸಂಗೀತ ಕಾರ್ಯಕ್ರಮ ಆರಂಭವಾಗುವ ಮುನ್ನ ಗಾಳಿಗೆ ವೇದಿಕೆಯ ಲೋಹದ ಚೌಕಟ್ಟು ಜನರ ಮೇಲೆ ಕುಸಿದು ಏಳು ಮಂದಿ ಸತ್ತರು. ಆಗಸ್ಟ್ 18ರಂದು, ಮ್ಯಾಡ್ರಿಡ್‌ನ ಜಾಗರಣೆಗೆ ಎರಡೇ ದಿನ ಮೊದಲು, ಬೆಲ್ಜಿಯಂ ದೇಶದ ಹಾಸೆಲ್ಟ್ ಬಳಿಯ ಪುಕೆಲ್‌ಪಾಪ್ ಸಂಗೀತೋತ್ಸವಕ್ಕೆ ಬಿರುಗಾಳಿ ಬಡಿದು ಐವರು ಸತ್ತರು. ಉಳಿದ ಕಾರ್ಯಕ್ರಮವೆಲ್ಲ ರದ್ದಾಯಿತು. ಒಂದೇ ವಾರದ ಮೂರು ಗಾಳಿಗಳು. ಮ್ಯಾಡ್ರಿಡ್‌ನವರು ಭಕ್ತರಾಗಿದ್ದರು, ಉಳಿದವರು ಲೋಕದ ಹಾಡು ಕೇಳಲು ಬಂದಿದ್ದರು, ಆದ್ದರಿಂದ ಹೀಗಾಯಿತು ಎನ್ನುವ ಎದೆಗಾರಿಕೆ ನಮಗಿಲ್ಲ. ಗಾಳಿ ಯಾರ ಜ್ಞಾನಸ್ನಾನದ ದಾಖಲೆಯನ್ನೂ ಕೇಳುವುದಿಲ್ಲ. ಇಂಡಿಯಾನಾ ದುರಂತದ ವಿಚಾರಣೆ ನಡೆಸಿದ ತಜ್ಞರು ಎರಡು ಮಾತು ಹೇಳಿದರು. ಚೌಕಟ್ಟಿಗೆ ಆ ಗಾಳಿಯನ್ನು ತಡೆಯುವ ಶಕ್ತಿ ಇರಲಿಲ್ಲ ಎಂಬುದು ಒಂದು. ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆಯೆಂಬುದು ಸ್ಪಷ್ಟವಿರಲಿಲ್ಲ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಓದಿದಾಗ ನಮಗೆ ನಮ್ಮ ಮೈದಾನದ ಆ ಇಪ್ಪತ್ತು ನಿಮಿಷಗಳು ಕಣ್ಣಿಗೆ ಕಟ್ಟಿದವು.

ಸಂತ ತೋಮಾಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ತೋರಿಸುವಾಗ ಮುನ್ನೋಟ, ಸುತ್ತಣ ಪರಿಸ್ಥಿತಿಯ ಅರಿವು, ಎಚ್ಚರ ಇವೆಲ್ಲವನ್ನೂ ಅದರ ಅಂಗಗಳೆಂದು ಎಣಿಸಿದ್ದಾರೆ. ಅನುಭವಿಗಳ ಮಾತಿಗೆ ಕಿವಿಗೊಡುವುದೂ ಅವುಗಳಲ್ಲಿ ಒಂದು. ಅಷ್ಟೇ ಅಲ್ಲ, ತಾನು ಮಾಡಬಹುದಾದುದನ್ನು ಮಾಡದೆ ಎಲ್ಲವನ್ನೂ ದೇವರ ಮೇಲೆ ಹೊರಿಸಿ ನೋಡುವುದು ದೇವರನ್ನು ಪರೀಕ್ಷಿಸಿದಂತೆ, ಅದು ಪಾಪ ಎಂದೂ ಅವರು ಬರೆದಿದ್ದಾರೆ. ಮಹಾದೇವಾಲಯದ ತುದಿಯಿಂದ ಧುಮುಕೆಂದು ಸೈತಾನನು ಹೇಳಿದಾಗ ಪ್ರಭು ಯೇಸು ಒಲ್ಲೆನೆಂದುದು ಈ ಕಾರಣಕ್ಕೇ. ಗುರುಮಠದ ಪರೀಕ್ಷೆಯಲ್ಲಿ ಈ ಅಧ್ಯಾಯದ ಮೇಲೆ ನಾವು ಒಳ್ಳೆಯ ಅಂಕಗಳನ್ನು ಪಡೆದಿದ್ದೆವು. ವಿವೇಕದ ಮಾತನ್ನು ಆ ಸಂಜೆ ಆಡಿದವರು ಮಾತ್ರ ಮೈಕಿನವರು.

ಸಿಡಿಲಿನ ವಿಷಯದಲ್ಲಿ ತಜ್ಞರು ಹೇಳುವ ಲೆಕ್ಕ ಸರಳವಾಗಿದೆ. ಮಿಂಚು ಕಂಡ ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ಹತ್ತು ಕಿಲೊಮೀಟರಿನೊಳಗಿದೆ. ಕೂಡಲೇ ಗಟ್ಟಿ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಮೂವತ್ತು ನಿಮಿಷ ಹೊರಗೆ ಬರಬಾರದು. ಶಾಮಿಯಾನ, ಚಪ್ಪರ, ಮರದಡಿ ಇವು ಆಶ್ರಯಗಳಲ್ಲ. ನಮ್ಮ ಉತ್ಸವ ನಡೆದ 2022ರಲ್ಲೇ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿಯೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಎಂಬ ಆ್ಯಪ್ ಈಗ ನಮ್ಮ ಮೊಬೈಲಿನಲ್ಲಿದೆ. ಅಂದು ಇರಲಿಲ್ಲ.

ಇನ್ನು ನಷ್ಟದ ವಿಷಯ. ದುರಸ್ತಿಗೆ 64,000 ರೂಪಾಯಿ ಬೇಕೆಂದು ಮೈಕಿನವರು ಅಂಗಡಿಯ ಚೀಟಿ ತಂದು ತೋರಿಸಿದರು, ಕೊಡಿ ಎನ್ನಲಿಲ್ಲ. ಪಾಲನಾ ಪರಿಷತ್ತಿನಲ್ಲಿ ಎರಡು ಗಂಟೆ ಚರ್ಚೆಯಾಯಿತು. ಕರಾರಿನಲ್ಲಿ ಇಲ್ಲ ಎಂದರು ಒಬ್ಬರು. ಹೊದಿಕೆಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಅವರ ಕರ್ತವ್ಯ ಎಂದರು ಮತ್ತೊಬ್ಬರು. ಮಳೆ ದೇವರ ಇಚ್ಛೆ, ಅದಕ್ಕೆ ನಾವೇಕೆ ಹೊಣೆ ಎಂದವರೂ ಇದ್ದರು. ಕೊನೆಯಲ್ಲಿ ಕುಳಿತಿದ್ದ ವೃದ್ಧ ಗುರಿಕಾರರೊಬ್ಬರು, “ಮುಚ್ತೇನೆ ಅಂದವನನ್ನು ತಡೆದದ್ದು ಯಾರು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ತಡೆದವರು ನಾವೇ ಎಂದು ನಾವು ಹೇಳಬೇಕಾಯಿತು.

ಉತ್ಸವದ ಲೆಕ್ಕದಲ್ಲಿ ಉಳಿದಿದ್ದ 22,000 ರೂಪಾಯಿಯನ್ನು ಮರುದಿನವೇ ಕೊಟ್ಟೆವು. ಉಳಿದದ್ದನ್ನು ಎರಡು ಕಂತುಗಳಲ್ಲಿ ಕೊಟ್ಟು ಮುಗಿಸುವಾಗ 2023ರ ಮೇ ತಿಂಗಳಾಗಿತ್ತು. ಆ ನಡುವೆ ಮದುವೆಗಳ ಕಾಲ ಬಂದು ಹೋಯಿತು. ಯಂತ್ರಗಳಿಲ್ಲದೆ ಅವರು ಎಷ್ಟು ಕೆಲಸಗಳನ್ನು ಬಿಡಬೇಕಾಯಿತೆಂಬುದನ್ನು ಪರಿಷತ್ತು ಲೆಕ್ಕ ಹಾಕಲಿಲ್ಲ. ನಾವೂ ಕೇಳಲಿಲ್ಲ. ಈಗ ಬರೆಯುವಾಗ ಅದು ಚುಚ್ಚುತ್ತದೆ.

2013ರ ಜುಲೈಯಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ನಡೆದ ವಿಶ್ವ ಯುವಜನ ದಿನದ ವೃತ್ತಾಂತವೂ ಇಂಥದೇ. ಜಾಗರಣೆಗಾಗಿ ನಗರದ ಪಶ್ಚಿಮಕ್ಕೆ ದೂರದ ಗ್ವಾರಾಚಿಬಾದಲ್ಲಿ ವಿಶಾಲವಾದ ಬಯಲನ್ನು ಅಣಿಗೊಳಿಸಿ, ಅದಕ್ಕೆ ‘ವಿಶ್ವಾಸದ ಬಯಲು’ ಎಂಬ ಅರ್ಥದ ಲತೀನ್ ಹೆಸರಿಟ್ಟಿದ್ದರು. ದಿನಗಟ್ಟಲೆ ಸುರಿದ ಮಳೆಗೆ ಅದು ಕೆಸರುಗದ್ದೆಯಾಯಿತು. ಕಾರ್ಯಕ್ರಮವನ್ನು ಕೊಪಾಕಬಾನದ ಕಡಲತೀರಕ್ಕೆ ವರ್ಗಾಯಿಸಿದರು. ವಿಶ್ವಾಸದ ನಿಜವಾದ ಬಯಲು ಭೂಪಟದ ಮೇಲಿನ ಒಂದು ಜಾಗವಲ್ಲ, ನಾವೇ ಎಂದು ಪ್ರಭುವು ತಿಳಿಸುತ್ತಿರಬಹುದಲ್ಲವೇ ಎಂಬ ಅರ್ಥದಲ್ಲಿ ಜಗದ್ಗುರು ಫ್ರಾನ್ಸಿಸರು ಆ ರಾತ್ರಿ ಮಾತನಾಡಿದರು. ಮನಸ್ಸಿಗೆ ನಾಟುವ ಮಾತು. ಯಾತ್ರಿಕರನ್ನು ನಂಬಿ ತಿಂಡಿ, ನೀರು, ಸರಕುಗಳನ್ನು ತಂದಿಟ್ಟುಕೊಂಡಿದ್ದ ಗ್ವಾರಾಚಿಬಾದ ಸಣ್ಣ ವ್ಯಾಪಾರಿಗಳ ಸುದ್ದಿ ಪತ್ರಿಕೆಗಳ ಮೂಲೆಯಲ್ಲಿ ಬಂದಿತ್ತು. ಅಂದು ಅದನ್ನು ಓದಿ ಪುಟ ಮಗುಚಿದ್ದೆವು. ಮೈಕಿನವರ ಚೀಟಿ ನಮ್ಮ ಮೇಜಿನ ಮೇಲೆ ಬಂದ ದಿನ ಆ ಸುದ್ದಿ ನೆನಪಾಯಿತು. ವರ್ಗಾಯಿಸಿದ್ದು ಸರಿಯಾದ ನಿರ್ಧಾರವೇ; ಕೆಸರಿನಲ್ಲಿ ಅಷ್ಟು ಜನರನ್ನು ಮಲಗಿಸುವುದು ಸಾಧ್ಯವಿರಲಿಲ್ಲ. ಆದರೆ ಸರಿಯಾದ ನಿರ್ಧಾರಕ್ಕೂ ಒಂದು ಬೆಲೆ ಇರುತ್ತದೆ, ಅದನ್ನು ತೆರುವವರು ಹೆಚ್ಚಾಗಿ ವೇದಿಕೆಯ ಮೇಲೆ ಇರುವುದಿಲ್ಲ.

ಯುವಜನರ ಮನವಿಗೆ ನಾವು ಅನುಮತಿ ನೀಡಿದ್ದೇವೆ. ಬಯಲಿನಲ್ಲಿ ಹಾಡುವ ಅವರ ಹಂಬಲ ತಪ್ಪಲ್ಲ. ನಾಲ್ಕು ಗೋಡೆಗಳ ಹೊರಗೆ, ನೆರೆಯ ಮನೆಯವರಿಗೂ ಕೇಳಿಸುವಂತೆ ಹಾಡುವುದರಲ್ಲಿ ಒಂದು ಸಾಕ್ಷ್ಯವಿದೆ. ದಿನಾಂಕವನ್ನು ಮಾತ್ರ ಜನವರಿಗೆ ಬದಲಿಸಿದ್ದೇವೆ. ವೇದಿಕೆಯ ಚೌಕಟ್ಟನ್ನು ಇಂಜಿನಿಯರರೊಬ್ಬರು ಬಂದು ನೋಡಬೇಕು. ಕಾರ್ಯಕ್ರಮ ನಿಲ್ಲಿಸುವ ಅಧಿಕಾರವನ್ನು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ನಮ್ಮ ವಾಳೆಯವರೊಬ್ಬರಿಗೆ ಬರೆದುಕೊಟ್ಟಿದ್ದೇವೆ. ಅವರು ನಿಲ್ಲಿಸಿ ಎಂದರೆ ನಾವೂ ಸೇರಿ ಯಾರೂ ಮರುಮಾತಾಡುವಂತಿಲ್ಲ. ಒಪ್ಪಿಕೊಳ್ಳುವಾಗ ಅವರು, “ಆಮೇಲೆ ಬೈಬಾರದು ಫಾದರ್” ಎಂದು ಎರಡು ಸಲ ಹೇಳಿದರು. ಹಣೆಯಲ್ಲಿ ಗುರುತು ಉಳಿದಿರುವ ಆ ಹುಡುಗ ಈಗ ಎತ್ತರವಾಗಿ ಬೆಳೆದಿದ್ದಾನೆ, ಸ್ವರ ಒಡೆದಿದೆ. ಹಾಡುವವರ ಪಟ್ಟಿಯಲ್ಲಿ ಅವನ ಹೆಸರಿದೆ. ಅವನ ತಾಯಿಯ ಒಪ್ಪಿಗೆಯನ್ನು ನಾವೇ ಮನೆಗೆ ಹೋಗಿ ಕೇಳಿದೆವು. ಉತ್ತರಿಸಲು ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು.

ಮೈಕಿನವರೂ ಬರಲು ಒಪ್ಪಿದ್ದಾರೆ. ಈ ಸಲ ಅರ್ಧ ಹಣವನ್ನು ಮುಂಗಡವಾಗಿ ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ನಮ್ಮಲ್ಲಿ ಮುಂಗಡ ಕೇಳಿದ್ದು ಇದೇ ಮೊದಲು. ಕೊಟ್ಟಿದ್ದೇವೆ.